ಕಾಡಿನಂಚಿನ ಜ್ವರ

ವ್ಯಾಧಿಯು ದೇಹದಲ್ಲಿ ಹುಟ್ಟುವುದೋ ದೇಶದಲ್ಲಿ ಹುಟ್ಟುವುದೋ ಎಂಬ ಪ್ರಶ್ನೆ ಬಹಳ ಹಳೆಯದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತ ಅಧ್ಯಾಯವೊಂದುಂಟು. ಪಾಂಚಾಲ ದೇಶದ ಕಾಂಪಿಲ್ಯದ ಬಳಿ, ಗಂಗಾತೀರದ ಕಾಡಿನಲ್ಲಿ, ಬೇಸಗೆಯ ಕಡೆಯ ತಿಂಗಳಲ್ಲಿ ತಿರುಗಾಡುತ್ತ ಪುನರ್ವಸು ಆತ್ರೇಯನು ತನ್ನ ಶಿಷ್ಯನಾದ ಅಗ್ನಿವೇಶನಿಗೆ ಹೇಳಿದ ಮಾತುಗಳು ಅವು. ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ. ಹಾಗಿರುವಾಗ ಒಂದೇ ಕಾಲದಲ್ಲಿ ಒಂದೇ ರೋಗದಿಂದ ಊರಿಗೆ ಊರೇ ಹಾಳಾಗುವುದು ಹೇಗೆ ಎಂದು ಶಿಷ್ಯನು ಕೇಳುತ್ತಾನೆ. ಉಳಿದುದೆಲ್ಲ ಬೇರೆಯಾದರೂ ನಾಲ್ಕು ವಸ್ತುಗಳು ಎಲ್ಲರಿಗೂ ಸಮಾನ ಎಂಬುದು ಗುರುವಿನ ಉತ್ತರ: ಗಾಳಿ, ನೀರು, ನೆಲ ಮತ್ತು ಕಾಲ. ಇವು ಕೆಟ್ಟಾಗ ಯಾರೂ ತಪ್ಪಿಸಿಕೊಳ್ಳಲಾರರು. ಕೆಟ್ಟ ನೆಲದ ಲಕ್ಷಣಗಳನ್ನು ಎಣಿಸುವಾಗ ಹಾವು, ಸೊಳ್ಳೆ, ನೊಣ, ಇಲಿಗಳು ಮಿತಿಮೀರಿ ಬೆಳೆಯುವುದನ್ನೂ ಅವನು ಹೇಳಿದ್ದಾನೆ. ಎರಡು ಸಾವಿರ ವರ್ಷಗಳ ಹಿಂದಿನ ಗ್ರಂಥದಲ್ಲಿ ಇಂದಿನ ವಿಜ್ಞಾನವೆಲ್ಲ ಅಡಗಿದೆ ಎಂದು ವಾದಿಸುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಆದರೆ ಪ್ರಶ್ನೆ ಸರಿಯಾದ ಪ್ರಶ್ನೆ ಎಂಬುದರಲ್ಲಿ ಸಂದೇಹವಿಲ್ಲ.

ಆ ಪ್ರಶ್ನೆಯನ್ನೇ ಇಂದು ಜಗತ್ತಿನ ವಿದ್ವಾಂಸರು ಮತ್ತೆ ಎತ್ತಿಕೊಂಡಿದ್ದಾರೆ. ಭೂಮಂಡಲದ ಪರಿಸರ ಬದಲಾಗುತ್ತಿರುವುದರಿಂದ ಮನುಷ್ಯನ ಆರೋಗ್ಯಕ್ಕೆ ಆಗುವುದೇನು ಎಂಬ ವಿಷಯಕ್ಕೆ ಈಗ ಪ್ರತ್ಯೇಕ ಶಾಸ್ತ್ರವೇ ಬೆಳೆದಿದೆ. 2015ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆ ಕೂಡಿ ನೇಮಿಸಿದ್ದ ಮಂಡಲಿಯೊಂದು ಇದಕ್ಕೆ 'ಗ್ರಹದ ಆರೋಗ್ಯ' ಎಂಬ ಹೆಸರಿನಲ್ಲಿ ವರದಿ ಕೊಟ್ಟಿತು. 2023ರ ಡಿಸೆಂಬರಿನಲ್ಲಿ ದುಬೈ ನಗರದಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಮೊಟ್ಟಮೊದಲ ಬಾರಿಗೆ ಒಂದು ದಿನವನ್ನು ಆರೋಗ್ಯದ ವಿಚಾರಕ್ಕೆಂದೇ ಮೀಸಲಿಟ್ಟರು. ಇಂಥ ದೊಡ್ಡ ಮಾತುಗಳನ್ನು ಕೇಳಿದಾಗ ನಮಗೆ ಹಿಮಾಲಯದ ನೀರ್ಗಲ್ಲು, ಧ್ರುವಪ್ರದೇಶದ ಕರಡಿ, ಮುಳುಗುತ್ತಿರುವ ದ್ವೀಪ, ಇವೇ ನೆನಪಿಗೆ ಬರುತ್ತವೆ. ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಈ ಶಾಸ್ತ್ರವನ್ನು ಕಲಿಯಬೇಕೆನ್ನುವವರು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಒಂದು ಕಾಡಿನಿಂದ ಪ್ರಾರಂಭಿಸಬಹುದು. ಆ ಕಾಡಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳಲ್ಲೆಲ್ಲ ಅಚ್ಚಾಗಿದೆ: ಕ್ಯಾಸನೂರು.

1957ರ ಬೇಸಗೆಯ ಮೊದಲಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಪ್ಪು ಮೋರೆಯ ಮುಸುವ, ಕೆಂಪು ಮೋರೆಯ ಸಾಮಾನ್ಯ ಮಂಗ, ಎರಡೂ. ಅದೇ ಕಾಲದಲ್ಲಿ ಸುತ್ತಿನ ಹಳ್ಳಿಗಳಲ್ಲಿ ಜನರಿಗೆ ಒಂದು ಬಗೆಯ ಜ್ವರ ಹತ್ತಿತು. ಇದ್ದಕ್ಕಿದ್ದಂತೆ ಚಳಿ, ಉರಿಜ್ವರ, ಒಡೆದುಹೋಗುವಂಥ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ತಡೆಯಲಾಗದ ನೋವು, ಕೆಂಪಾದ ಕಣ್ಣು, ವಾಂತಿ. ಕೆಲವರಿಗೆ ವಸಡಿನಿಂದಲೂ ಮೂಗಿನಿಂದಲೂ ರಕ್ತ. ಮೊದಲು ಇದನ್ನು ವಿಷಮಶೀತ ಜ್ವರವೆಂದು ಎಣಿಸಿದರು. ಆದರೆ ಮಂಗಗಳ ಸಾವಿನ ಸುದ್ದಿ ಪುಣೆಯನ್ನು ಮುಟ್ಟಿದಾಗ ಅಲ್ಲಿನ ವಿಜ್ಞಾನಿಗಳ ಎದೆ ನಡುಗಿತು. ಅದಕ್ಕೆ ಕಾರಣವುಂಟು.

ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮೊದಲು ಸಾಯುವುದು ಮಂಗಗಳು. ಹಳದಿ ಜ್ವರ ಏಷ್ಯಾ ಖಂಡಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡುವ ಸೊಳ್ಳೆಯಾದರೋ ನಮ್ಮ ದೇಶದ ತುಂಬ ಇತ್ತು. ಆ ಜ್ವರವೇನಾದರೂ ಮಲೆನಾಡಿನಲ್ಲಿ ಬೇರೂರಿದರೆ ಭಾರತದ ಗತಿಯೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದವು. ಅದೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅದರ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್ ಎಂಬ ಅಮೆರಿಕದ ವೈದ್ಯರು ಸಹೋದ್ಯೋಗಿಗಳೊಡನೆ ಕ್ಯಾಸನೂರಿಗೆ ಬಂದರು. ಮಾರ್ಚ್ ತಿಂಗಳಲ್ಲಿ ಒಂದು ಮಂಗದ ದೇಹದಿಂದ ವೈರಸ್ಸನ್ನು ಬೇರ್ಪಡಿಸಿದರು. ಹಳದಿ ಜ್ವರವಲ್ಲ ಎಂದು ತಿಳಿದು ನೆಮ್ಮದಿಯಾಯಿತು. ಆದರೆ ಅದು ಏನು ಎಂಬುದು ತಿಳಿದಾಗ ನೆಮ್ಮದಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಅದು ರಷ್ಯ ದೇಶದ ತೀರ ಮೂಡಲ ಅಂಚಿನ ಶೀತಾರಣ್ಯಗಳಲ್ಲಿ 1937ರಲ್ಲಿ ಲೆವ್ ಜಿಲ್ಬರ್ ಎಂಬವರ ತಂಡ ಕಂಡುಹಿಡಿದಿದ್ದ ಮೆದುಳುಜ್ವರದ ಕುಟುಂಬಕ್ಕೆ ಸೇರಿದ ವೈರಸ್ಸು. ಹಿಮ ಬೀಳುವ ಕಾಡಿನ ಬಂಧು ಅಡಕೆ ಬೆಳೆಯುವ ನಾಡಿನಲ್ಲಿ! ಆ ಒಂದು ವರ್ಷದಲ್ಲಿಯೇ 466 ಮಂದಿಗೆ, ಮರುವರ್ಷ 181 ಮಂದಿಗೆ ಈ ರೋಗ ತಗಲಿದುದಾಗಿ ಲೆಕ್ಕ ಸಿಕ್ಕುತ್ತದೆ.

ಸೈಬೀರಿಯದಿಂದ ಪ್ರತಿವರ್ಷ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ವಲಸೆ ಹಕ್ಕಿಗಳು ಇದನ್ನು ತಂದಿರಬಹುದೆ ಎಂಬ ಶಂಕೆ ಹುಟ್ಟಿತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ಹುಡುಕುವ ದೊಡ್ಡ ಕೆಲಸವನ್ನು ಬೊಂಬಾಯಿ ನಿಸರ್ಗ ಇತಿಹಾಸ ಸಂಘವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಕೈಗೊಂಡಿತು. ಹಕ್ಕಿಗಳ ವಿಷಯದಲ್ಲಿ ನಮ್ಮ ತಿಳಿವಳಿಕೆ ಅದರಿಂದ ಬಹುವಾಗಿ ಬೆಳೆಯಿತು. ಅಪರಾಧ ಮಾತ್ರ ಹಕ್ಕಿಗಳ ಮೇಲೆ ಸ್ಥಾಪಿತವಾಗಲಿಲ್ಲ. ಮುಂದೆ ಕಚ್ಛ, ಸೌರಾಷ್ಟ್ರಗಳ ಜನರ ರಕ್ತದಲ್ಲಿಯೂ ಈ ಬಗೆಯ ವೈರಸ್ಸಿನ ಕುರುಹು ಸಿಕ್ಕಿತು. ಬಹುಶಃ ಅದು ಹೊರಗಿನಿಂದ ಬಂದ ಅತಿಥಿಯಲ್ಲ. ಇಲ್ಲಿಯೇ ಕಾಡಿನ ಒಡಲಲ್ಲಿ ಯಾರಿಗೂ ಕಾಣದಂತೆ ಸಣ್ಣ ಪ್ರಾಣಿಗಳ ನಡುವೆ ಬಾಳಿಕೊಂಡಿದ್ದುದು. ಹಾಗಾದರೆ 1957ರಲ್ಲಿ ಅದು ಹೊರಗೆ ಬಂದುದೇಕೆ? ಇದಕ್ಕೆ ಉತ್ತರ ಬೇಕಾದರೆ ಒಂದು ಕ್ಷುದ್ರ ಕೀಟದ ಸಂಸಾರವನ್ನು ನೋಡಬೇಕು. ಈ ಭಾಷಣವನ್ನು ರೇಡಿಯೋದಲ್ಲಿ ಕೇಳಿದವರಿಗೆ ಇಲ್ಲದ ಅನುಕೂಲ ಓದುತ್ತಿರುವ ನಿಮಗುಂಟು. ಅರ್ಥವಾಗದಿದ್ದರೆ ಹಿಂದಿರುಗಿ ಇನ್ನೊಮ್ಮೆ ಓದಬಹುದು.

ದನದ ಮೈಗೆ ಕಚ್ಚಿಕೊಳ್ಳುವ ಉಣುಗನ್ನು ನೀವು ಕಂಡೇ ಇರುತ್ತೀರಿ. ಉಣ್ಣಿ, ಉಣ್ಣೆ, ಉಣುಗು ಎಂದು ಸೀಮೆಗೊಂದು ಹೆಸರು. ಉಣ್ಣುವುದು ಎಂಬ ಧಾತುವಿನಿಂದಲೇ ಬಂದುದೆಂದು ತೋರುತ್ತದೆ. ಅದಕ್ಕೆ ಉಣ್ಣುವುದರ ಹೊರತು ಬೇರೆ ಕಸುಬಿಲ್ಲ. ಇದರಲ್ಲಿ ನೂರಾರು ಜಾತಿಗಳಿವೆ. ಕ್ಯಾಸನೂರಿನ ರೋಗವನ್ನು ಮುಖ್ಯವಾಗಿ ಹರಡುವ ಜಾತಿಗೆ ವಿಜ್ಞಾನಿಗಳು ಹೀಮಫೈಸಾಲಿಸ್ ಸ್ಪಿನಿಜೆರ ಎಂದು ಹೆಸರಿಟ್ಟಿದ್ದಾರೆ. ಮಳೆಗಾಲದಲ್ಲಿ ಬಲಿತ ಉಣುಗುಗಳು ಮೇಯಲು ಬಂದ ದನ ಎಮ್ಮೆಗಳ ಮೈಯೇರಿ ರಕ್ತ ಕುಡಿಯುತ್ತವೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಬಿದ್ದು ತರಗೆಲೆಯ ಅಡಿಯಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮಳೆ ನಿಂತ ಮೇಲೆ ಗಸಗಸೆ ಕಾಳಿಗಿಂತ ಸಣ್ಣ ಮರಿಗಳು ಹೊರಡುತ್ತವೆ. ಆಗ ಅವಕ್ಕೆ ಆರೇ ಕಾಲು. ಅವು ಇಲಿ, ಸೊಂಡಿಲಿ, ಕಾಡುಕೋಳಿಯಂಥ ನೆಲದ ಹಕ್ಕಿ, ಮಂಗ, ಯಾವುದು ಸಿಕ್ಕಿದರೆ ಅದರ ರಕ್ತವನ್ನು ಒಮ್ಮೆ ಕುಡಿದು ಉದುರುತ್ತವೆ. ಪೊರೆ ಬಿಟ್ಟು ಎಂಟು ಕಾಲಿನ ಎಳೆಯ ಉಣುಗುಗಳಾಗುತ್ತವೆ. ಈ ಎರಡನೆಯ ಹಂತದವು ಎಳ್ಳಿಗಿಂತ ಸಣ್ಣವು. ಸುಮಾರು ನವೆಂಬರ್ ಕೊನೆಯಿಂದ ಮೇ ತಿಂಗಳವರೆಗೆ ತರಗೆಲೆಯ ಮೇಲೂ ಗಿಡದ ತುದಿಯಲ್ಲೂ ಕಾದು ಕುಳಿತಿರುತ್ತವೆ. ಮನುಷ್ಯನನ್ನು ಕಚ್ಚಿ ರೋಗ ತರುವುದು ಹೆಚ್ಚಾಗಿ ಇವೇ. ಮರಿಯಾಗಿದ್ದಾಗ ರೋಗವಿದ್ದ ಪ್ರಾಣಿಯಿಂದ ಕುಡಿದ ವೈರಸ್ಸನ್ನು ಪೊರೆ ಬಿಟ್ಟ ಮೇಲೂ ಹೊಟ್ಟೆಯಲ್ಲಿಟ್ಟುಕೊಂಡು ಬಂದಿರುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಅಂಟುವುದಿಲ್ಲ. ವೈರಸ್ಸಿನ ಮಟ್ಟಿಗೆ ನಾವು ದಾರಿತಪ್ಪಿ ಸಿಕ್ಕವರು. ನಮ್ಮಲ್ಲಿಗೆ ಬಂದರೆ ಅದರ ವಂಶ ಅಲ್ಲಿಗೆ ಮುಗಿಯಿತು.

ದನದಿಂದ ಉಣುಗು ಹೆಚ್ಚುತ್ತದೆ, ಮಂಗನಿಂದ ವೈರಸ್ಸು ಹೆಚ್ಚುತ್ತದೆ. ಜ್ವರದಿಂದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳೆಲ್ಲ ಸುತ್ತಮುತ್ತ ಚದರುತ್ತವೆ. ಆ ಜಾಗ ಕೆಂಡದಂತಾಗುತ್ತದೆ. ಜನ ಇದನ್ನು ಮಂಗನ ಕಾಯಿಲೆ ಎಂದೇ ಕರೆದರು. ಪಾಪ, ಮಂಗನಿಗೆ ಈ ಅಪವಾದ ಅಂಟಿಕೊಂಡುಬಿಟ್ಟಿತು. ರೋಗದಿಂದ ಮೊದಲು ಸಾಯುವವನನ್ನೇ ರೋಗದ ಒಡೆಯನನ್ನಾಗಿ ಮಾಡಿದಂತಾಯಿತು. ಯೋಚಿಸಿ ನೋಡಿದರೆ ಅವನು ಮಾಡುವುದು ದೂತನ ಕೆಲಸ. ಹನುಮಂತನ ಕುಲಕ್ಕೆ ಅದು ಹೊಸದೂ ಅಲ್ಲ.

ಇನ್ನು ಉಳಿದ ಪ್ರಶ್ನೆ. ಅದನ್ನು ಬಿಡಿಸಿದವರಲ್ಲಿ ಹೋರ್ಹೆ ಬೋಶೆಲ್ ಎಂಬ ಕೊಲಂಬಿಯ ದೇಶದ ವಿಜ್ಞಾನಿಯ ಹೆಸರನ್ನು ನಾವು ಕನ್ನಡದಲ್ಲಿ ಕೇಳುವುದೇ ಇಲ್ಲ. ಇವರು ಪುಣೆಗೆ ಬರುವ ಮೊದಲು ತಮ್ಮ ದೇಶದ ಕಾಡುಗಳಲ್ಲಿ ಹಳದಿ ಜ್ವರವನ್ನು ಅಭ್ಯಾಸ ಮಾಡಿದವರು. ಅಲ್ಲಿ ಎತ್ತರದ ಮರಗಳ ನೆತ್ತಿಯಲ್ಲಿ ಒಂದು ಜಾತಿಯ ಸೊಳ್ಳೆ ಇರುತ್ತದೆ. ಮಂಗಗಳಿಗೂ ಅದಕ್ಕೂ ಮೇಲೆಯೇ ವ್ಯವಹಾರ. ಮರ ಕಡಿದು ಕೆಡವಿದಾಗ ಆ ಸೊಳ್ಳೆಗಳು ಕೊಂಬೆಯೊಂದಿಗೆ ನೆಲಕ್ಕೆ ಇಳಿದು ಕೊಡಲಿ ಹಿಡಿದವನನ್ನೇ ಮುತ್ತುತ್ತವೆ ಎಂಬುದನ್ನು ಬೋಶೆಲ್ ಅಲ್ಲಿ ಕಣ್ಣಾರೆ ಕಂಡಿದ್ದರು. ಆ ಕಣ್ಣನ್ನೇ ಅವರು ಮಲೆನಾಡಿಗೂ ತಂದರು. 1969ರಲ್ಲಿ ಅವರು ಬರೆದ ಪ್ರಬಂಧದ ತಾತ್ಪರ್ಯ ಇದು: ದಟ್ಟವಾದ ಕಾನಿನೊಳಗೆ ಈ ವೈರಸ್ಸು ಬಹುಕಾಲ ತನ್ನ ಪಾಡಿಗೆ ತಾನಿತ್ತು. ಜನಸಂಖ್ಯೆ ಬೆಳೆದು, ಗದ್ದೆಗಾಗಿ ತೋಟಕ್ಕಾಗಿ ಕಾಡನ್ನು ಕಡಿದು, ಕಾಡಿನ ಒಳಗೆ ದನ ಮೇಯಿಸಲು ಪ್ರಾರಂಭಿಸಿದಾಗ ಬಲಿತ ಉಣುಗಿಗೆ ಯಥೇಚ್ಛವಾಗಿ ರಕ್ತ ಒದಗಿತು. ಕಡಿದ ಜಾಗದಲ್ಲಿ ಲಂಟಾನದ ಪೊದೆ ಹಬ್ಬಿ ಇಲಿಗಳಿಗೂ ನೆಲದ ಹಕ್ಕಿಗಳಿಗೂ ಮನೆಯಾಯಿತು. ಅವು ಉಣುಗಿನ ಮರಿಗಳನ್ನು ಸಾಕಿದವು. ಅದೇ ಅಂಚಿಗೆ ಮಂಗಗಳೂ ಬಂದವು, ಮನುಷ್ಯರೂ ಬಂದರು. ರೋಗ ಕಾಡಿನ ನಡುವೆ ಹುಟ್ಟಲಿಲ್ಲ, ಊರಿನ ನಡುವೆಯೂ ಹುಟ್ಟಲಿಲ್ಲ. ಕಾಡನ್ನು ಕತ್ತರಿಸಿದ ಅಂಚಿನಲ್ಲಿ ಹುಟ್ಟಿತು.

ಪ್ರಬಂಧ ಅಚ್ಚಾಗಿ ಹದಿಮೂರು ವರ್ಷಗಳಾದ ಮೇಲೆ, 1982ರಲ್ಲಿ, ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟ ಮಾಡುವುದಕ್ಕಾಗಿ ಸುಮಾರು 400 ಹೆಕ್ಟೇರು ಕಾಡನ್ನು ಬೋಳಿಸಿದರು. ಮುಂದಿನ ಬೇಸಗೆಯೊಳಗೆ ರೋಗ ಅಲ್ಲಿ ಕಾಣಿಸಿಕೊಂಡಿತು. 1983ರಲ್ಲಿ 1500ಕ್ಕೂ ಹೆಚ್ಚು ಜನರಿಗೆ ಹಿಡಿದು ಸುಮಾರು 150 ಮಂದಿ ಪ್ರಾಣಬಿಟ್ಟರು. ಕಾಡು ಕಡಿದು ಭೂತಗಳ ನೆಲೆಯನ್ನು ಕೆಡಿಸಿದ್ದರಿಂದ ಅವು ಮುನಿದಿವೆ ಎಂದು ಅಲ್ಲಿನ ಹಳ್ಳಿಗರಲ್ಲಿ ಮಾತಿತ್ತು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅಲ್ಲಿ ಅಧ್ಯಯನ ಮಾಡಿ 1987ರಲ್ಲಿ ಬರೆದ ಲೇಖನದಲ್ಲಿ ಈ ಕಾಯಿಲೆಯನ್ನು ಅಭಿವೃದ್ಧಿಯ ರೋಗ ಎಂದು ಕರೆದರು. ಭೂತ ಮುನಿಯಿತು ಎಂದವನೂ ಪ್ರಬಂಧ ಬರೆದವನೂ ಬೆರಳು ತೋರಿಸಿದ್ದು ಕಡಿದ ಕಾಡಿನ ಕಡೆಗೇ. ತೋಟದ ನಕ್ಷೆ ಬರೆದವರು ಇವರಿಬ್ಬರಲ್ಲಿ ಒಬ್ಬರನ್ನಾದರೂ ಕೇಳಬಹುದಾಗಿತ್ತು.

ಬಹುಕಾಲ ಇದು ಮಲೆನಾಡಿನ ನಾಲ್ಕೈದು ತಾಲ್ಲೂಕುಗಳ ಗೋಳು ಎಂದು ಉಳಿದವರು ಸುಮ್ಮನಿದ್ದರು. 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತವು. ಆಮೇಲೆ ನೀಲಗಿರಿ, ಕೇರಳದ ವಯನಾಡು. 2015ರಲ್ಲಿ ಗೋವೆಯ ಸತ್ತರಿ ಸೀಮೆ. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಹೀಗೆ ಸಹ್ಯಾದ್ರಿಯ ಬೆನ್ನೆಲುಬಿನುದ್ದಕ್ಕೂ ಅದರ ಗುರುತು ಕಾಣಿಸಿಕೊಂಡಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಹೊತ್ತಿಕೊಂಡು ಮುಂದಿನ ತಿಂಗಳುಗಳಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. 2024ರ ಮೊದಲ ತಿಂಗಳುಗಳಲ್ಲಿಯೂ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸಾವುಗಳಾದವು.

ಇದು ನಮ್ಮೊಬ್ಬರ ಕಥೆಯೇ ಎಂದರೆ ಅಲ್ಲ. ಮಲೇಷ್ಯದಲ್ಲಿ ಕಾಡಿನ ಅಂಚಿಗೆ ಹಂದಿಯ ದೊಡ್ಡಿಗಳನ್ನು ಕಟ್ಟಿ, ಅವುಗಳ ಮಗ್ಗುಲಲ್ಲಿ ಮಾವಿನ ತೋಪು ಬೆಳೆಸಿದ ಕಡೆ, ಹಣ್ಣು ತಿನ್ನಲು ಬಂದ ಬಾವಲಿಗಳಿಂದ ಹಂದಿಗಳಿಗೂ ಹಂದಿಗಳಿಂದ ಮನುಷ್ಯರಿಗೂ ನಿಪಾ ಎಂಬ ರೋಗ 1998ರಲ್ಲಿ ದಾಟಿತು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಊರಿನಲ್ಲಿ 1970ರ ದಶಕದಲ್ಲಿ ಮಕ್ಕಳ ಕೀಲು ಬಾತುಕೊಳ್ಳತೊಡಗಿತು. ಅದಕ್ಕೂ ಕಾರಣ ಉಣುಗೇ. ಅಲ್ಲಿ ಕಾಡನ್ನು ತುಂಡುತುಂಡಾಗಿಸಿ ಮನೆ ಕಟ್ಟಿದ ಕಡೆ, ಇಲಿಯನ್ನು ತಿನ್ನುವ ಪ್ರಾಣಿಗಳು ಹೋಗಿ ಇಲಿಗಳು ಉಳಿದುವೆಂದು ವಿಜ್ಞಾನಿಗಳು ಹೇಳುತ್ತಾರೆ. ಈಗ ಚಳಿ ಕಡಮೆಯಾದಂತೆ ಆ ಉಣುಗು ಬಡಗಣ ಕೆನಡದೊಳಕ್ಕೂ ನಡೆಯುತ್ತಿದೆ.

ಭೂಮಿಯ ಕಾವು ಏರುತ್ತಿರುವುದರಿಂದಲೇ ನಮ್ಮ ಮಂಗನ ಕಾಯಿಲೆಯೂ ಹರಡಿತೆ ಎಂದು ನೀವು ಕೇಳಬಹುದು. ಹಾಗೆ ಹೇಳಿಬಿಡುವುದು ಸುಲಭ. ಈಚೆಗೆ ಎಲ್ಲ ಅನಿಷ್ಟವನ್ನೂ ಹವಾಮಾನದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಅಭ್ಯಾಸವೊಂದು ಬೆಳೆದಿದೆ. ಉಣುಗಿನ ಬಾಳು ಮಳೆಯ ಲೆಕ್ಕವನ್ನು ಹಿಡಿದು ನಡೆಯುವುದರಿಂದ ಮಳೆ ಹಿಂದುಮುಂದಾದರೆ ಅದರ ಕಾಲವೂ ಹಿಂದುಮುಂದಾಗುವುದು ಸಹಜ. ಆದರೆ ಕೊಡಲಿಯ ಕೆಲಸ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುತ್ತಿರುವಾಗ ಮೊದಲು ಆಕಾಶವನ್ನು ದೂರುವುದು ನ್ಯಾಯವಲ್ಲ. ಚರಕನ ನಾಲ್ಕರಲ್ಲಿ ಇಲ್ಲಿ ಮೊದಲು ಕೆಟ್ಟದ್ದು ನೆಲ. ಕಾಲವೂ ಕೆಟ್ಟರೆ ಎರಡು ಕೂಡಿಕೊಳ್ಳುತ್ತವೆ.

ರೋಗ ಯಾರಿಗೆ ಬರುತ್ತದೆ ಎಂಬುದನ್ನೂ ನೋಡಬೇಕು. ಮಲೆನಾಡಿನ ಅಡಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಬೇಕು. ಕೊಟ್ಟಿಗೆಗೆ ಹಾಸಲು ಒಣಗಿದೆಲೆ ಬೇಕು. ದರಕು ಗುಡಿಸುವ ಕಾಲ ಯಾವುದು? ಎಲೆ ಉದುರುವ ಕಾಲ. ಜನವರಿ, ಫೆಬ್ರವರಿ, ಮಾರ್ಚಿ. ಎಳೆಯ ಉಣುಗು ಎಲೆಯ ಮೇಲೆ ಕುಳಿತಿರುವ ಕಾಲವೂ ಸರಿಯಾಗಿ ಅದೇ. ಸೌದೆ ತರುವವರು, ದನ ಕಾಯುವ ಹುಡುಗರು, ಕೂಲಿಗೆ ದರಕು ಹೊರುವ ಹೆಂಗಸರು, ಗೋವೆಯ ಕಡೆ ಗೇರುಹಣ್ಣು ಆರಿಸುವವರು, ವಯನಾಡಿನಲ್ಲಿ ಕಾಡಿನ ಉತ್ಪನ್ನಗಳಿಂದ ಬದುಕುವ ಗಿರಿಜನರು, ಇವರಿಗೆ ಮೊದಲು. ಎಲೆಯ ಹೊರೆಯೊಂದಿಗೆ ಉಣುಗು ಮನೆಗೂ ಬರುತ್ತದೆ. ಕಾಡಿಗೆ ಹೋಗದ ಮುದುಕಿಯನ್ನೂ ಜಗುಲಿಯಲ್ಲಿ ಕಚ್ಚಬಲ್ಲುದು. ಕಾಡಿಗೆ ಹೋಗಬೇಡಿ ಎಂದು ಉಪದೇಶ ಮಾಡುವವರು ಇವರ ಒಲೆಗೆ ಸೌದೆಯನ್ನು ಯಾರು ತರಬೇಕೆಂಬುದನ್ನು ಹೇಳುವುದಿಲ್ಲ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ. ನೂರರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಉಳಿದವರೂ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ನಿತ್ರಾಣರಾಗಿರುತ್ತಾರೆ. ಕೂಲಿಯವನಿಗೆ ಎರಡು ತಿಂಗಳ ನಿತ್ರಾಣವೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಲಸಿಕೆ ಇಲ್ಲವೆ? ಇತ್ತು. ರಷ್ಯದ ಜ್ವರಕ್ಕೆಂದು ತಯಾರಿಸಿದ್ದನ್ನು ಮೊದಲು ಪ್ರಯೋಗಿಸಿ ನೋಡಿದರು, ಫಲಿಸಲಿಲ್ಲ. ಮುಂದೆ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು ಮಾಡಿದ ಲಸಿಕೆ ಬಂತು. ಬೆಂಗಳೂರಿನ ಹೆಬ್ಬಾಳದಲ್ಲಿ ಅದನ್ನು ತಯಾರಿಸುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಮತ್ತೆ ಮತ್ತೆ. ಚುಚ್ಚಿಸಿಕೊಂಡ ತೋಳು ನೋಯುತ್ತಿತ್ತು. ಎರಡನೆಯ ಸಲಕ್ಕೆ ಬರುವವರೇ ಕಡಮೆ. 2005ರಿಂದ 2010ರವರೆಗಿನ ಅನುಭವವನ್ನು ಲೆಕ್ಕಹಾಕಿದಾಗ ಎರಡು ಸಲ ಹಾಕಿಸಿಕೊಂಡವರಿಗೆ ನೂರಕ್ಕೆ 62ರಷ್ಟು, ಮೂರನೆಯದನ್ನೂ ಹಾಕಿಸಿಕೊಂಡವರಿಗೆ 83ರಷ್ಟು ರಕ್ಷಣೆ ಎಂದು ಕಂಡುಬಂತು. ಅದರ ಸಾಮರ್ಥ್ಯ ಸಾಲದೆಂದು 2022ರಲ್ಲಿ ಹಾಕುವುದನ್ನು ನಿಲ್ಲಿಸಲಾಯಿತು. ಹೊಸದೊಂದನ್ನು ಸಿದ್ಧಪಡಿಸುವ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡಿದೆ. ನೇರವಾದ ಔಷಧಿ ಇಲ್ಲ; ಕಾಲಕ್ಕೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿ ನೀರು, ರಕ್ತದ ಸ್ಥಿತಿಯನ್ನು ನೋಡಿಕೊಂಡರೆ ಬಹುಪಾಲು ಜನ ಬದುಕುತ್ತಾರೆ. ಆದಕಾರಣ ಸದ್ಯಕ್ಕೆ ಜನರ ಕೈಯಲ್ಲಿರುವ ಸಾಧನ ತಿಳಿವಳಿಕೆ ಒಂದೇ.

ನನ್ನ ಕಸುಬಿಗೆ ಸಂಬಂಧಪಟ್ಟ ಮಾತು ಇಲ್ಲಿ ಬರುತ್ತದೆ. ಸಂಶೋಧನೆ ಅರುವತ್ತು ವರ್ಷಗಳಿಗೂ ಮೀರಿ ನಡೆದಿದೆ. ಪುಣೆಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವಾಗಲೇ ಈ ಜ್ವರ ಹತ್ತಿಸಿಕೊಂಡ ವಿಜ್ಞಾನಿಗಳೂ ಸಹಾಯಕರೂ ಇದ್ದಾರೆ. ಅವರ ಶ್ರಮಕ್ಕೆ ತಲೆಬಾಗಬೇಕು. ಆದರೆ ಆ ತಿಳಿವಳಿಕೆ ದರಕು ಗುಡಿಸುವವಳಿಗೆ ಯಾವ ಭಾಷೆಯಲ್ಲಿ ತಲುಪಿದೆ? ಗೋಡೆಗೆ ಅಂಟಿಸಿದ ಒಂದು ಪ್ರಕಟಣೆಯನ್ನು ನಾನು ನೋಡಿದೆ. 'ಉಣ್ಣೆಗಳ ಮುಖಾಂತರ ಪ್ರಸರಣವಾಗುವ ಸೋಂಕು' ಎಂದು ಅದರಲ್ಲಿತ್ತು. ಉಣ್ಣೆ ಎಂಬ ರೂಪವನ್ನು ಉಣ್ಣಿಗೂ ಬಳಸುವುದುಂಟು, ತಪ್ಪೇನಲ್ಲ. ಆದರೆ ಶಾಲೆಯಲ್ಲಿ ಓದಿದ ಹುಡುಗನಿಗೆ ಉಣ್ಣೆ ಎಂದರೆ ಕುರಿಯ ತುಪ್ಪುಳ, ಕಂಬಳಿ. ನಮ್ಮ ತರಗತಿಯ ಒಬ್ಬ ಹುಡುಗ ಇದನ್ನು ಓದಿ, ಚಳಿಗಾಲದಲ್ಲಿ ಸ್ವೆಟರ್ ಹಾಕಿಕೊಳ್ಳಬಾರದಂತೆ ಎಂದು ಮನೆಯಲ್ಲಿ ಹೇಳಿದನು. ನಗಬೇಕೋ ಅಳಬೇಕೋ ತಿಳಿಯದು. ಅದೇ ಹುಡುಗನ ಅಜ್ಜಿಯನ್ನು ಕೇಳಿದ್ದರೆ ಉಣುಗು ಎಂಬ ಮಾತು ತಾನಾಗಿ ಸಿಕ್ಕುತ್ತಿತ್ತು. ಮುಖಾಂತರ, ಪ್ರಸರಣ ಎಂಬ ಮಾತುಗಳಿಗೆ ನಾನು ವೈರಿಯಲ್ಲ. ಅವುಗಳಿಂದಲೇ ಅನ್ನ ತಿಂದವನು. ಆದರೆ 'ಉಣುಗು ಕಚ್ಚಿದರೆ ಜ್ವರ ಬರುತ್ತದೆ' ಎಂದು ಬರೆಯಲು ಯಾವ ವ್ಯಾಕರಣವೂ ಅಡ್ಡಬರುವುದಿಲ್ಲ.

ಇನ್ನೊಂದು ಕೊರತೆ ಕಾಲದ್ದು. ಪರಿಸರದ ಪಾಠ ಪುಸ್ತಕದ ಕೊನೆಯಲ್ಲಿರುತ್ತದೆ. ಅಧ್ಯಾಪಕರು ಅದನ್ನು ಮುಟ್ಟುವಾಗ ಫೆಬ್ರವರಿ ಮುಗಿದು ಪರೀಕ್ಷೆಯ ಅವಸರ. ಮಕ್ಕಳು ಓಜೋನ್ ಪದರದ ಬಗ್ಗೆ ಐದು ಅಂಕದ ಉತ್ತರ ಬರೆದು, ಸಂಜೆ ಬರಿಗಾಲಿನಲ್ಲಿ ದನ ಹೊಡೆದುಕೊಂಡು ಬರಲು ಕಾನಿಗೆ ಹೋಗುತ್ತಾರೆ. ಓಜೋನ್ ಪದರ ಬೇಡವೆಂದಲ್ಲ. ಮಲೆನಾಡಿನ ಶಾಲೆಗಳಲ್ಲಿ ಉಣುಗಿನ ಪಾಠ ದೀಪಾವಳಿಯ ಆಸುಪಾಸಿಗೆ ಆಗಬೇಕು, ಅಷ್ಟೆ. ಒಮ್ಮೆ ನಾನು ವ್ಯಾಕರಣದ ಗಂಟೆಯಲ್ಲಿಯೇ ನಡುವೆ ಬಿಡುವು ಮಾಡಿ, ಉಣುಗಿಗೆ ಎಷ್ಟು ಕಾಲು ಎಂದು ಕೇಳಿದೆ. ಪುಸ್ತಕ ಓದಿದವರು ಎಂಟು ಎಂದರು. ಹಿಂದಿನ ಬೆಂಚಿನ, ದನ ಕಾಯುವ ಮನೆಯ ಹುಡುಗಿಯೊಬ್ಬಳು, ತೀರ ಸಣ್ಣದಕ್ಕೆ ಆರೇ ಸಾರ್ ಎಂದಳು. ವಿಜ್ಞಾನದ ಅಧ್ಯಾಪಕರನ್ನು ವಿಚಾರಿಸಿದೆ, ಆಕೆಯೇ ಸರಿ. ಜನರಿಗೆ ಏನೂ ತಿಳಿಯದು ಎಂದುಕೊಂಡು ಕಲಿಸಲು ಹೊರಡುವವರು ಇಂಥ ಹುಡುಗಿಯ ಎದುರು ಒಂದು ಗಳಿಗೆ ಕೂರುವುದು ಒಳ್ಳೆಯದು. ಈಚೆಗೆ ಬ್ರಿಟನ್ನಿನ ಮತ್ತು ನಮ್ಮ ದೇಶದ ಸಂಶೋಧಕರು ಒಟ್ಟಾಗಿ, ಆರೋಗ್ಯ, ಅರಣ್ಯ, ಪಶುವೈದ್ಯ ಇಲಾಖೆಗಳವರನ್ನು ಮೊದಲಿನಿಂದಲೇ ಜೊತೆಗೆ ಕೂಡಿಸಿಕೊಂಡು, ರೋಗದ ಭಯ ಎಲ್ಲಿ ಹೆಚ್ಚು ಎಂಬುದರ ನಕ್ಷೆಗಳನ್ನು ತಯಾರಿಸಿ 2020ರಲ್ಲಿ ಪ್ರಕಟಿಸಿದ್ದಾರೆ. ಹಸಿರುಕಾನು ಮತ್ತು ನೆಡುತೋಪು ಬೆರೆತು, ನಾಟಿ ದನಗಳು ಹೆಚ್ಚಾಗಿರುವ ಕಡೆ ಭಯ ಹೆಚ್ಚೆಂದು ಅದರಲ್ಲಿ ಕಂಡಿತು. ಬೋಶೆಲ್ ಹೇಳಿದ್ದು ಅರ್ಧ ಶತಮಾನದ ಮೇಲೆ ಮತ್ತೆ ಸಿಕ್ಕಿದಂತಾಯಿತು. ಆ ನಕ್ಷೆಗಳು ಪಂಚಾಯಿತಿ ಕಟ್ಟೆಯ ಮೇಲೂ ಶಾಲೆಯ ಗೋಡೆಯ ಮೇಲೂ ತೂಗಬೇಕೆಂಬುದು ನನ್ನ ಆಸೆ.

ಆತ್ರೇಯನು ಆ ಅಧ್ಯಾಯದಲ್ಲಿ ಇನ್ನೊಂದು ಮಾತು ಹೇಳುತ್ತಾನೆ: ನೆಲ ಕೆಡುವ ಮೊದಲೇ ಔಷಧಿಗಳನ್ನು ಕಿತ್ತಿಟ್ಟುಕೊಳ್ಳಿ ಎಂದು. ನಮ್ಮ ಕಾಲದ ಸಿದ್ಧತೆ ಏನೆಂಬುದನ್ನು ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿರುವ ನೀವು, ಅಥವಾ ಅಲ್ಲಿ ನೆಂಟರಿರುವ ನೀವು, ಇದನ್ನು ಕಾಡಿಗೆ ಹೋಗುವವರಿಗೆ ಓದಿ ಹೇಳಿ. ಆರೋಗ್ಯ ಇಲಾಖೆಯವರು ಡೇಪಾ ಎಂಬ ಎಣ್ಣೆಯನ್ನು ಹಂಚುತ್ತಾರೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಲ್ಲಿ ಕಂಡುಹಿಡಿದದ್ದು. ಜಿಗುಟು, ವಾಸನೆ ಎಂದು ಮೂಲೆಗಿಡುವವರೇ ಹೆಚ್ಚು. ಕಾಡಿಗೆ ಹೊರಡುವ ಮೊದಲು ಕೈಗೂ ಕಾಲಿಗೂ ಕತ್ತಿಗೂ ಹಚ್ಚಬೇಕು. ಮೈತುಂಬ ಬಟ್ಟೆ ಇರಬೇಕು. ಬಂದ ಕೂಡಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಮೈ ತೊಳೆದು, ಕಂಕುಳು, ಸೊಂಟ, ಮಂಡಿಯ ಸಂದುಗಳನ್ನು ನೋಡಿಕೊಳ್ಳಬೇಕು. ದರಕನ್ನು ಹೊತ್ತು ತಂದವರು ಜಗುಲಿಯ ಬಳಿ ಹರಡಬಾರದು. ಮಳೆಗಾಲದ ಕೊನೆಯಲ್ಲಿ ದನಗಳ ಉಣುಗಿಗೆ ಪಶುವೈದ್ಯರಿಂದ ಔಷಧಿ ಕೇಳಿ ಪಡೆಯಬೇಕು. ಡಿಸೆಂಬರಿನಿಂದ ಮೇ ತಿಂಗಳೊಳಗೆ ಚಳಿಜ್ವರ, ಮೈಕೈನೋವು ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಮಲಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಎಂಬುದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಜ್ವರ ಬಿಟ್ಟಿತೆಂದು ಒಂದು ವಾರ ನಿಶ್ಚಿಂತರಾಗಿದ್ದವರಲ್ಲಿ ಕೆಲವರಿಗೆ ಅದು ತಲೆಸುತ್ತು, ಮಂಪರು, ಕತ್ತಿನ ಸೆಡೆತದೊಂದಿಗೆ ಮರಳಿ ಬರುತ್ತದೆ, ಆಗಂತೂ ತಡಮಾಡಲೇಬಾರದು.

ಸತ್ತ ಮಂಗ ಕಣ್ಣಿಗೆ ಬಿದ್ದರೆ ಮುಟ್ಟಬೇಡಿ. ಎಳೆದು ದೂರ ಹಾಕಲೂ ಬೇಡಿ, ಹೂಳಲೂ ಬೇಡಿ. ಸಮೀಪ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯದ ಗಾರ್ಡಿಗೋ ಗ್ರಾಮ ಪಂಚಾಯಿತಿಗೋ ಕೂಡಲೆ ತಿಳಿಸಿ. ಅವರು ಬಂದು ಪರೀಕ್ಷೆಗೆ ಬೇಕಾದುದನ್ನು ತೆಗೆದುಕೊಂಡು, ಹೆಣವನ್ನು ಸುಟ್ಟು, ಸುತ್ತ ಐವತ್ತು ಮೀಟರುಗಳವರೆಗೆ ಕೀಟನಾಶಕ ಎರಚುತ್ತಾರೆ. ಊರಿನ ಮಕ್ಕಳಿಗೆ ಆ ಜಾಗವನ್ನು ದೂರದಿಂದ ತೋರಿಸಿಡಿ. ಆ ಬೇಸಗೆ ಮುಗಿದು ಮಳೆ ಹಿಡಿಯುವವರೆಗೆ ಅಲ್ಲಿ ಯಾರೂ ದರಕು ಗುಡಿಸಬಾರದು, ದನವನ್ನೂ ಆ ಕಡೆಗೆ ಬಿಡಬಾರದು.